ಡಬ್ಬಿ ದೀಪವೂ ಮಳೆಗಾಲದ ಕತ್ತಲೂ

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಆರುವುದು ದೀಪ. ಎಲ್ಲೋ ಒಂದು ಮತ್ತಿಮರದ ಕೊಂಬೆ ತಂತಿಯ ಮೇಲೆ ಮುರಿದು ಬೀಳುತ್ತದೆ. ಘಟ್ಟದ ತಿರುವಿನಲ್ಲಿ ನೆನೆದ ಮಣ್ಣು ಸಡಿಲಗೊಂಡು ಕಂಬ ವಾಲುತ್ತದೆ. ಆ ರಾತ್ರಿ ಕತ್ತಲು, ಮರುದಿನವೂ ಕತ್ತಲು. ರಸ್ತೆಯಿಂದ ದೂರವಿರುವ ಒಂಟಿಮನೆಗಳಿಗೆ ವಾರವಿಡೀ ಕತ್ತಲು. ಪುನರ್ವಸು ಕಳೆದು ಪುಷ್ಯ ಬಂದರೂ ಇದೇ ಕಥೆ. ಮನೆಯ ಹಿರಿಯರು ಇದನ್ನು ಮಳೆಯ ಒಂದು ಲಕ್ಷಣವೆಂದೇ ಎಣಿಸಿದ್ದಾರೆ. ಮಕ್ಕಳೂ ಹಾಗೆಯೇ ಎಣಿಸಲು ಕಲಿಯುತ್ತಿದ್ದಾರೆ.

ಈ ಕತ್ತಲಿಗೆ ಉತ್ತರವೆಂದು ಶಾಲೆಗಳ ಪರಿಸರ ಸಂಘಗಳಲ್ಲಿ, ಸ್ವಸಹಾಯ ಗುಂಪುಗಳ ತರಬೇತಿಗಳಲ್ಲಿ ಒಂದು ಕೈಕಸುಬು ಪ್ರಚಾರಕ್ಕೆ ಬಂದಿದೆ. ಬಿಸಾಡುವ ಸಣ್ಣ ತಗಡಿನ ಡಬ್ಬಿಯಲ್ಲಿ ಮೇಣ ಕರಗಿಸಿ ಹೊಯ್ದು, ನಡುವೆ ಬತ್ತಿ ನಿಲ್ಲಿಸಿ, 'ತುರ್ತು ದೀಪ' ಮಾಡಿಟ್ಟುಕೊಳ್ಳುವುದು. ಕಸ ಕಡಿಮೆಯಾಯಿತು, ಖರ್ಚು ಉಳಿಯಿತು, ಬೆಳಕೂ ಸಿಕ್ಕಿತು ಎಂಬುದು ಅದರ ಹೊಗಳಿಕೆ. ಕಸುಬು ಒಳ್ಳೆಯದೇ. ಆದರೆ ಆ ಹೊಗಳಿಕೆಯಲ್ಲಿ ಎರಡು ಪ್ರಶ್ನೆಗಳು ಮುಚ್ಚಿಹೋಗುತ್ತವೆ. ಡಬ್ಬಿಗೆ ತುಂಬುವ ಮೇಣ ಎಲ್ಲಿಂದ ಬಂತು? ಡಬ್ಬಿ ಹಚ್ಚಬೇಕಾದ ಕತ್ತಲು ಯಾರಿಂದ ಬಂತು? ಈ ಎರಡನ್ನೂ ಕೇಳದೆ ಡಬ್ಬಿ ದೀಪವನ್ನು ಪರಿಸರ ಕಾರ್ಯವೆಂದು ಕರೆಯುವುದು ಸರಿಯಲ್ಲ.

ತಗಡಿನ ಗುಣ

ಡಬ್ಬಿಗೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು. ತಟ್ಟೆಯ ಮೇಲೆ ನಿಲ್ಲಿಸಿದ ಮೇಣದಬತ್ತಿ ಗಾಳಿಗೆ ಓರೆಯಾಗಿ ಉರಿದು, ಅರ್ಧ ಮೇಣವನ್ನು ಸೋರಿಸಿ ಹಾಳುಮಾಡುತ್ತದೆ. ಬೆಕ್ಕು ತಾಗಿದರೆ ಉರುಳುತ್ತದೆ. ಡಬ್ಬಿಯಲ್ಲಿ ಕರಗಿದ ಮೇಣ ಹೊರಹೋಗದೆ ಅಲ್ಲಿಯೇ ಉಳಿದು ಮತ್ತೆ ಉರಿಯಲು ಒದಗುತ್ತದೆ. ಅಂಚು ಗಾಳಿಯನ್ನು ತಡೆಯುತ್ತದೆ. ಮುಚ್ಚಳವಿದ್ದರೆ ಊದದೆ, ಹೊಗೆಯಿಲ್ಲದೆ ಆರಿಸಬಹುದು. ಇಲಿ, ಇರುವೆ, ತೇವಗಳಿಂದಲೂ ರಕ್ಷಣೆ.

ಮಲೆನಾಡಿಗೆ ಇದು ಹೊಸದೂ ಅಲ್ಲ. ಹಳೆಯ ಡಬ್ಬಿಯ ತಗಡನ್ನು ಕತ್ತರಿಸಿ ಬೆಸುಗೆ ಹಾಕಿದ ಬುಡ್ಡಿ ದೀಪ ಎರಡು ಮೂರು ತಲೆಮಾರುಗಳಿಗೆ ಅಡುಗೆಮನೆಯಲ್ಲೂ ಕೊಟ್ಟಿಗೆಯಲ್ಲೂ ಬೆಳಕಾಗಿತ್ತು. ಅದಕ್ಕೂ ಹಿಂದೆ ಹೊನ್ನೆಎಣ್ಣೆಯ ಹಣತೆಯಿತ್ತು, ದಾರಿಗೆ ಸೂಡಿಯಿತ್ತು. ಬುಡ್ಡಿಗೆ ಬೇಕಾದ ಚಿಮಣಿ ಎಣ್ಣೆ ಪಡಿತರದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. 2020ರ ಹೊತ್ತಿಗೆ ಕೇಂದ್ರ ಸರಕಾರ ಅದರ ಸಹಾಯಧನವನ್ನು ಪೂರ್ತಿ ನಿಲ್ಲಿಸಿತು. ಸೀಮೆಎಣ್ಣೆಯ ಹೊಗೆ ಶ್ವಾಸಕೋಶಕ್ಕೂ ಕಣ್ಣಿಗೂ ಕೆಟ್ಟದ್ದು. ಅದು ಹೋದುದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಎಣ್ಣೆಯನ್ನು ಹಿಂತೆಗೆದುಕೊಂಡವರು ಅದರ ಜಾಗದಲ್ಲಿ ನಂಬಬಹುದಾದ ಕರೆಂಟನ್ನು ಇಡಲಿಲ್ಲ. ಖಾಲಿಯಾದ ಆ ಜಾಗಕ್ಕೆ ಮೇಣದ ಡಬ್ಬಿ ಬಂದು ಕೂತಿದೆ.

ಯಾವ ಮೇಣ?

ಅಂಗಡಿಯಲ್ಲಿ ಸಿಗುವ ಬಿಳಿಯ ಮೇಣ ಪ್ಯಾರಾಫಿನ್. ಕಚ್ಚಾ ತೈಲವನ್ನು ಶುದ್ಧೀಕರಿಸುವಾಗ ದೊರೆಯುವ ವಸ್ತು ಅದು, ಸೀಮೆಎಣ್ಣೆಯ ಒಡಹುಟ್ಟು. ಹೊಸ ಪ್ಯಾರಾಫಿನ್ ಗಟ್ಟಿಗಳನ್ನು ಪೇಟೆಯಿಂದ ಕಿಲೋಗಟ್ಟಲೆ ತಂದು, ಹಳೆಯ ಡಬ್ಬಿಗೆ ಹೊಯ್ದು, 'ಪರಿಸರಸ್ನೇಹಿ' ಎಂಬ ಚೀಟಿ ಅಂಟಿಸಿದರೆ ಮರುಬಳಕೆಯಾದದ್ದು ತಗಡು ಮಾತ್ರ. ಉರಿಯುವುದು ಪೆಟ್ರೋಲಿಯಮ್ಮೇ. ಅದಕ್ಕೆ ಬಣ್ಣ ಮತ್ತು ಸುಗಂಧ ಬೆರೆಸಿ ಪೇಟೆಯ ಮಳಿಗೆಗಳಲ್ಲಿ ಮಾರುವುದು ಅಲಂಕಾರದ ವ್ಯಾಪಾರ. ಮಾರುವವರು ಮಾರಲಿ, ಅದಕ್ಕೆ ಕಾಡಿನ ಹೆಸರು ಹಚ್ಚದಿರಲಿ.

ಇನ್ನೂ ಅಪಾಯದ ಸಲಹೆಯೊಂದಿದೆ. 'ಪ್ಯಾರಾಫಿನ್ ಬೇಡ, ಪಶ್ಚಿಮ ಘಟ್ಟದಲ್ಲೇ ಮೇಣದಂಥ ಕೊಬ್ಬು ಕೊಡುವ ಮರಗಳಿವೆಯಲ್ಲ' ಎಂಬುದು ಅದು. ಇವೆ, ನಿಜ. ಧೂಪದ ಮರದ ಬೀಜದಿಂದ ಗಟ್ಟಿಯಾದ ಕೊಬ್ಬು ದೊರೆಯುತ್ತದೆ. 19ನೆಯ ಶತಮಾನದಲ್ಲಿ ಬ್ರಿಟಿಷರು ಅದನ್ನು ಮೇಣದಬತ್ತಿಗೆ ಒಗ್ಗುವ ವಸ್ತುವೆಂದು ಗುರುತಿಸಿದ್ದರು. ಮುರುಗಲ ಬೀಜದ ತುಪ್ಪ, ಉಪ್ಪಾಗೆಯ ತುಪ್ಪ ಮನೆಮನೆಯಲ್ಲೂ ಗೊತ್ತಿರುವವೇ. ಆದರೆ ಇಲ್ಲಿ ಸಸ್ಯಶಾಸ್ತ್ರದ ಪಾಠವನ್ನು ಮರೆಯುವಂತಿಲ್ಲ. ಧೂಪ ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯದ ಮರ. ಅದರ ದಪ್ಪ ಬೀಜವನ್ನು ಭತ್ತದಂತೆ ಒಣಗಿಸಿ ವರ್ಷಗಟ್ಟಲೆ ಇಡಲಾಗದು. ಬಿದ್ದ ಕೆಲವೇ ವಾರಗಳಲ್ಲಿ, ಅದೇ ಮಳೆಗಾಲದಲ್ಲಿ, ಮೊಳೆಯದಿದ್ದರೆ ಅದು ಸತ್ತಂತೆ. ಬಿದ್ದ ಬೀಜವನ್ನೆಲ್ಲ ಚೀಲಕ್ಕೆ ತುಂಬಿದ ವರ್ಷ ಆ ಮರದ ಬುಡದಲ್ಲಿ ಒಂದು ಸಸಿಯೂ ಏಳುವುದಿಲ್ಲ. ದೊಡ್ಡ ಮರಗಳು ನಿಂತಿರುವ ತನಕ ಕಾಡು ಚೆನ್ನಾಗಿಯೇ ಕಾಣುತ್ತದೆ. ಅವು ಉರುಳಿದ ದಿನ ಹಿಂದೆ ಯಾರೂ ಇಲ್ಲವೆಂಬುದು ತಿಳಿಯುತ್ತದೆ.

ಉಪ್ಪಾಗೆಗೆ ಪೇಟೆಯಲ್ಲಿ ಬೆಲೆ ಏರಿದಾಗ ಏನಾಯಿತೆಂಬುದು ಮಲೆನಾಡಿಗೆ ಗೊತ್ತಿದೆ. 'ನಾಳೆ ಬೇರೆಯವರು ಕೊಯ್ದಾರು' ಎಂಬ ಅವಸರದಲ್ಲಿ ಕಾಯಿ ಹಣ್ಣಾಗುವ ಮೊದಲೇ ಕೊಯ್ಲು; ಹತ್ತಿ ಕೊಯ್ಯಲು ತಾಳ್ಮೆಯಿಲ್ಲದೆ ಕೊಂಬೆಗೇ ಕತ್ತಿ; ಮಳೆಯಲ್ಲಿ ಸಿಪ್ಪೆ ಒಣಗಿಸಲು ಒಲೆಗೆ ಗಾಡಿಗಟ್ಟಲೆ ಸೌದೆ. ಮನೆಗೆ ಬೇಕಾದಷ್ಟು ತುಪ್ಪ ಕಾಯಿಸುವುದು ಬೇರೆ, ಮೇಣದ ಪೇಟೆಗೆ ಕಾಡನ್ನು ತೆರೆಯುವುದು ಬೇರೆ. ಅಲ್ಲದೆ ಮುರುಗಲ ತುಪ್ಪ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವಂಥದು. ಅದು ಹಿಮ್ಮಡಿಯ ಬಿರುಕಿಗೆ ಮದ್ದು, ಊಟಕ್ಕೆ ರುಚಿ. ತಿನ್ನುವ ತುಪ್ಪವನ್ನು ಸುಟ್ಟು ಬೆಳಕು ಮಾಡಿಕೊಳ್ಳುವುದು ದುಂದುಗಾರಿಕೆ.

ಹಾಗಾದರೆ ಯಾವುದು ಸರಿ? ಮನೆಯಲ್ಲಿ ಆಗಲೇ ಇರುವ ಮೇಣ. ಉರಿದು ಉಳಿದ ಮೇಣದಬತ್ತಿಯ ತುಂಡುಗಳು ಮತ್ತು ತಟ್ಟೆಗೆ ಅಂಟಿದ ಸೋರಿಕೆ ಮೊದಲನೆಯದು. ತುಡುವೆ ಜೇನು ಸಾಕಿದವರ ಮನೆಯಲ್ಲಿ ಮೇಣದ ಹುಳು ತಿಂದು ಬಿಸಾಡುವ ಹಳೆಯ ಎರಿಗಳು ಎರಡನೆಯದು. ಆ ಎರಿಗಳನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದುಮಿದರೆ ಮೇಣ ಮೇಲೆ ತೇಲುತ್ತದೆ. ತಣಿದ ಮೇಲೆ ಬಿಲ್ಲೆಯಂತೆ ಎತ್ತಬಹುದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಆದುದರಿಂದ ಅದು ನಿಧಾನವಾಗಿ, ಗಟ್ಟಿಯಾಗಿ ಉರಿಯುತ್ತದೆ. ಮೇಣಕ್ಕೆಂದು ಹೆಜ್ಜೇನಿನ ಹುಟ್ಟಿಗೆ ಬೆಂಕಿಯಿಡುವವರು ಮಾತ್ರ ಈ ಲೆಕ್ಕದಲ್ಲಿ ಸೇರುವುದಿಲ್ಲ.

ಮಾಡುವುದಾದರೆ ಹೀಗೆ

ಆರು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಎತ್ತರದ ಡಬ್ಬಿ ಸಾಕು. ಅದಕ್ಕೆ ಸುಮಾರು 100 ಗ್ರಾಂ ಮೇಣ ಹಿಡಿಯುತ್ತದೆ. ಮಿಠಾಯಿ, ಹಾಲಿನ ಪುಡಿಯಂಥ ತಿನ್ನುವ ಪದಾರ್ಥಗಳ ಡಬ್ಬಿ ಮಾತ್ರ ಆಗಬಹುದು. ತೋಟಕ್ಕೆ ತಂದ ಕೀಟನಾಶಕದ ಡಬ್ಬಿ ಎಷ್ಟು ತೊಳೆದರೂ ಕೂಡದು. ಬಿಸಿಗೆ ಅದರ ಉಳಿಕೆ ಹೊಗೆಯಾಗಿ ಮಕ್ಕಳ ಉಸಿರಿಗೆ ಸೇರುತ್ತದೆ. ಅಂಥ ಡಬ್ಬಿಗಳನ್ನು ಮರುಬಳಸದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಣ್ಣದ ಡಬ್ಬಿಯೂ ಬೇಡ.

ಡಬ್ಬಿಗೆ ನೀರು ತುಂಬಿ ಸೋರುವುದೇ ಎಂದು ನೋಡಿ, ಪೂರ್ತಿ ಒಣಗಿಸಬೇಕು. ಹಳೆಯ ಹತ್ತಿ ಪಂಚೆಯ ನೂಲನ್ನು ಮೂರೆಳೆಯಾಗಿ ಹೆಣೆದರೆ ಬತ್ತಿ ಸಿದ್ಧ. ನೈಲಾನ್ ಬೆರೆತ ನೂಲು ಉರಿಯದೆ ಕರಗಿಹೋಗುತ್ತದೆ. ಬತ್ತಿಯನ್ನು ಮೊದಲು ಕರಗಿದ ಮೇಣದಲ್ಲಿ ಅದ್ದಿ ನೆಟ್ಟಗೆ ಒಣಗಿಸಬೇಕು. ಜೇನುಮೇಣಕ್ಕೆ ಬತ್ತಿ ತುಸು ದಪ್ಪ ಬೇಕು. ಬತ್ತಿಯ ಬುಡಕ್ಕೆ ಕಬ್ಬಿಣದ ವಾಷರ್ ಕಟ್ಟಿ, ಅದು ತಳದಿಂದ ಅರ್ಧ ಸೆಂಟಿಮೀಟರ್ ಮೇಲೆಯೇ ಮುಗಿಯುವಂತೆ ಇಟ್ಟರೆ, ಮೇಣ ತೀರುವ ಮೊದಲೇ ಜ್ವಾಲೆ ಆರಿ ಡಬ್ಬಿಯ ತಳ ಕೆಂಪಗೆ ಕಾಯುವುದು ತಪ್ಪುತ್ತದೆ.

ಮೇಣದ ಪಾತ್ರೆಯನ್ನು ನೇರ ಒಲೆಯ ಮೇಲೆ ಇಡಲೇಬಾರದು. ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನು ಇಟ್ಟು ಕರಗಿಸಬೇಕು. ನೀರಿನ ಶಾಖ 100 ಡಿಗ್ರಿ ಮೀರದು. ಮೇಣದ ಆವಿ ಹೊತ್ತಿಕೊಳ್ಳುವುದು ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ. ಒಂದು ವೇಳೆ ಹೊತ್ತಿಕೊಂಡರೆ ನೀರು ಎರಚುವುದು ಮಹಾಪ್ರಮಾದ. ಬಿಸಿ ಮೇಣದೊಳಗೆ ನೀರು ಒಮ್ಮೆಲೇ ಆವಿಯಾಗಿ ಬೆಂಕಿಯ ಹನಿಗಳನ್ನು ಸುತ್ತಲೂ ಸಿಡಿಸುತ್ತದೆ. ಮುಚ್ಚಳ ಮುಚ್ಚಿ ಗಾಳಿ ತಪ್ಪಿಸುವುದೊಂದೇ ದಾರಿ. ಈ ಕೆಲಸ ದೊಡ್ಡವರದು, ಮಕ್ಕಳದಲ್ಲ. ಉರಿಯುವ ಡಬ್ಬಿಯನ್ನು ಕಲ್ಲು ಅಥವಾ ಹೆಂಚಿನ ತುಂಡಿನ ಮೇಲೆ ಇಡಬೇಕು. ಒಣಹುಲ್ಲಿನ ಅಟ್ಟದ ಕೆಳಗೆ, ಕೊಟ್ಟಿಗೆಯಲ್ಲಿ, ಮಲಗಿದವರ ತಲೆದೆಸೆಯಲ್ಲಿ ಇಡಬಾರದು.

ಬೆಳಕಿನ ಲೆಕ್ಕ

ಇಷ್ಟು ಜತನದಿಂದ ಮಾಡಿದ ಡಬ್ಬಿ ಕೊಡುವುದೇನು? ಸಾಮಾನ್ಯ ಬತ್ತಿಯೊಂದು ಗಂಟೆಗೆ ಆರೇಳು ಗ್ರಾಂ ಮೇಣ ಸುಡುತ್ತದೆ. 100 ಗ್ರಾಂ ಸುಮಾರು 15 ಗಂಟೆ ಬರುತ್ತದೆ. ಸಂಜೆ ಮೂರು ಗಂಟೆಯಂತೆ ಐದು ಸಂಜೆ. ಮೈಕೇಲ್ ಫ್ಯಾರಡೆ 1860ರ ಕೊನೆಯಲ್ಲಿ ಲಂಡನ್ನಿನಲ್ಲಿ ಮಕ್ಕಳ ಮುಂದೆ ಮೇಣದಬತ್ತಿಯೊಂದನ್ನೇ ಇಟ್ಟುಕೊಂಡು ಉಪನ್ಯಾಸಮಾಲೆಯನ್ನು ಆರಂಭಿಸಿದ. ಉರಿಯುವುದು ಬತ್ತಿಯಲ್ಲ, ಬತ್ತಿಯೇರಿ ಆವಿಯಾದ ಮೇಣ ಎಂಬುದನ್ನು ಅವನು ಎದುರಿಗೇ ತೋರಿಸಿದ. ಆ ಆವಿಯಲ್ಲಿ ಬಿಸಿಯಾಗಿ ಕೆಂಪೇರಿದ ಇಂಗಾಲದ ಕಣಗಳೇ ಬೆಳಕು ಬೀರುವವು. ಅವು ಪೂರ್ತಿ ಉರಿಯದಿದ್ದರೆ ಗೋಡೆಗೆ ಹತ್ತುವ ಮಸಿ. ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿಡಬೇಕೆನ್ನುವುದು ಇದಕ್ಕಾಗಿಯೇ.

ಈಗ ಹೋಲಿಕೆ. ಗಂಟೆಗೆ ಆರೇಳು ಗ್ರಾಂ ಮೇಣ ಉರಿದಾಗ ಹೊರಬೀಳುವ ಶಕ್ತಿ 70 ವಾಟಿಗೂ ಹೆಚ್ಚು. ಅದರಲ್ಲಿ ಬಹುಪಾಲು ಕಾವಾಗಿ ಹೋಗಿ, ಬೆಳಕಾಗಿ ದಕ್ಕುವುದು ಸುಮಾರು 12 ಲ್ಯೂಮೆನ್. ಒಂದೇ ಒಂದು ವಾಟಿನ ಎಲ್‌ಇಡಿ ದೀಪ 80 ಲ್ಯೂಮೆನ್ನಿಗೂ ಹೆಚ್ಚು ಕೊಡಬಲ್ಲದು. ಅಂದರೆ ಆರು ಡಬ್ಬಿಗಳನ್ನು ಒಟ್ಟಿಗೆ ಹಚ್ಚಿದರೂ ಒಂದು ವಾಟಿನ ದೀಪಕ್ಕೆ ಸಮವಾಗದು. ಡಬ್ಬಿಯ ಬೆಳಕಿನಲ್ಲಿ ಒಲೆ ಹೊತ್ತಿಸಬಹುದು, ಅಂಗಳದ ಹಾವನ್ನು ಕಾಣಬಹುದು, ಜ್ವರದ ಮಗುವಿಗೆ ಮದ್ದು ಅಳೆಯಬಹುದು. ಹತ್ತನೆಯ ತರಗತಿಯ ವಿದ್ಯಾರ್ಥಿನಿ ಅದರಡಿಯಲ್ಲಿ ಗಣಿತ ಬಿಡಿಸಬೇಕೆಂದು ಹೇಳುವವರು ತಮ್ಮ ಮಕ್ಕಳನ್ನು ಒಂದು ತಿಂಗಳು ಹಾಗೆ ಕೂರಿಸಿ ನೋಡಲಿ.

ತುರ್ತು ಎಂದರೇನು?

ಇನ್ನು ಎರಡನೆಯ ಪ್ರಶ್ನೆ. ವರ್ಷಕ್ಕೊಮ್ಮೆ, ಹೇಳಿಕೇಳಿ, ನಕ್ಷತ್ರದ ಹೆಸರು ಹಿಡಿದು ಬರುವ ಕತ್ತಲು ತುರ್ತುಸ್ಥಿತಿ ಹೇಗಾದೀತು? ಭೂಕಂಪ ತುರ್ತು. ಹಠಾತ್ತನೆ ಗುಡ್ಡ ಕುಸಿದರೆ ತುರ್ತು. ಪಂಚಾಂಗದಲ್ಲೇ ಬರೆದಿರುವ ಮಳೆಗೆ ಪ್ರತಿವರ್ಷ ಬೀಳುವ ತಂತಿ ತುರ್ತಲ್ಲ, ಅದು ಅಲಕ್ಷ್ಯ. ಅಲಕ್ಷ್ಯಕ್ಕೆ ತುರ್ತು ಎಂಬ ಹೆಸರಿಟ್ಟ ಕೂಡಲೇ ಹೊಣೆ ಇಲಾಖೆಯಿಂದ ಅಡುಗೆಮನೆಗೆ ಜಾರುತ್ತದೆ. 'ಮೇಣದಬತ್ತಿ ಸಿದ್ಧವಿಟ್ಟುಕೊಳ್ಳಿ' ಎಂಬ ಸಲಹೆಯ ನಿಜವಾದ ಅರ್ಥ 'ಕರೆಂಟನ್ನು ಕೇಳಬೇಡಿ' ಎಂದೇ.

ಕೇಳುವ ಹಕ್ಕು ಈ ಗುಡ್ಡಗಳಿಗಿಂತ ಹೆಚ್ಚಾಗಿ ಯಾರಿಗಿದೆ? 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿ ನಿಂತಾಗ ಮುಳುಗಿದ್ದು ಮಲೆನಾಡಿನ ಗದ್ದೆ, ತೋಟ, ದೇವರಕಾಡು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರ 460. ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ. ಅದೇ ಕಾಳಿಯ ದಡದಲ್ಲಿ ಕೈಗಾದ ನಾಲ್ಕು ಅಣು ಘಟಕಗಳು, ಒಂದೊಂದೂ 220 ಮೆಗಾವಾಟ್. ಇಷ್ಟೂ ಬೆಳಕು ಹುಟ್ಟುವುದು ಈ ಕಾಡುಗಳ ನಡುವೆ, ಹರಿಯುವುದು ಬಯಲಿಗೆ. ಶರಾವತಿಯ ಮುಳುಗಡೆ ಸಂತ್ರಸ್ತರಲ್ಲಿ ಅನೇಕ ಕುಟುಂಬಗಳಿಗೆ ತಾವು ಉಳುವ ನೆಲದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಇದರ ಮೇಲೆ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ನೆಲೆಯಲ್ಲಿ, 2000 ಮೆಗಾವಾಟಿನ ಭೂಗತ ಯೋಜನೆಯನ್ನು ಮುಂದಿಡಲಾಗಿದೆ. ಪಂಪ್ ಮಾಡಿದ ನೀರನ್ನೇ ಮತ್ತೆ ಇಳಿಸುವ ಆ ಯೋಜನೆ ತಾನು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುವಂಥದು.

'ಕಾಡಿರುವುದರಿಂದಲೇ ಕತ್ತಲು, ಮರ ಕಡಿಯಲು ಬಿಟ್ಟರೆ ಲೈನು ಸರಿಯಾಗುತ್ತದೆ' ಎಂಬ ವಾದ ಆಗಾಗ ಕೇಳಿಬರುತ್ತದೆ. ದೊಡ್ಡ ಊರುಗಳಿಗೆ ಕರೆಂಟು ಒಯ್ಯುವ 400 ಕಿಲೋವೋಲ್ಟ್ ಮಾರ್ಗಕ್ಕೆ ಕಾಡಿನ ಎದೆಯಲ್ಲಿ 40 ಮೀಟರಿಗೂ ಅಗಲವಾದ ಪಟ್ಟೆಯನ್ನು ಬೋಳಿಸಲಾಗಿದೆ. ಆ ಮಾರ್ಗ ಮಳೆಗಾಲದಲ್ಲೂ ನಡೆಯುತ್ತದೆ. ಕೇರಿಯ ಲೈನಿಗೆ ಮಾತ್ರ ಹಳೆಯ ಬರಿ ತಂತಿ, ವಾಲಿದ ಕಂಬ, ಮಳೆಗೆ ಮೊದಲು ಕೊಂಬೆ ಸವರಲು ಬಾರದ ಇಲಾಖೆ. ಹೊದಿಕೆಯುಳ್ಳ, ಹಗ್ಗದಂತೆ ಹೊಸೆದ ಎಬಿ ಕೇಬಲ್ ಮರಗಳ ನಡುವೆಯೇ ಹಾಯಬಲ್ಲದು. ಎಲೆ ತಾಗಿದರೆ ಅದು ಕೆಡುವುದಿಲ್ಲ. ಅದಕ್ಕೆ ಮರ ಕಡಿಯಬೇಕಾಗಿಲ್ಲ, ಹಣ ಕೊಡಬೇಕು. ಸುರಿವ ಮಳೆಯಲ್ಲಿ ಜೀವ ಪಣಕ್ಕಿಟ್ಟು ಕಂಬವೇರುವ ಲೈನ್‌ಮನ್‌ನ ಮೇಲೆ ಈ ಸಿಟ್ಟು ತಿರುಗಬಾರದು. ಹತ್ತಾರು ಹಳ್ಳಿಗಳನ್ನು ಅವನೊಬ್ಬನ ಹೆಗಲಿಗೆ ಬಿಟ್ಟವರು ಮೇಲಿನ ಕಚೇರಿಗಳಲ್ಲಿದ್ದಾರೆ.

ಲೆಕ್ಕಪತ್ರಗಳಲ್ಲಿ ಈ ಕತ್ತಲು ಕಾಣುವುದೂ ಇಲ್ಲ. 2004ರ ವ್ಯಾಖ್ಯಾನದಂತೆ ಹತ್ತನೆಯ ಒಂದು ಪಾಲು ಮನೆಗಳಿಗೆ ಸಂಪರ್ಕವಿದ್ದು, ಶಾಲೆ, ಪಂಚಾಯತಿಯಂಥ ಸಾರ್ವಜನಿಕ ಜಾಗಗಳಿಗೆ ವಿದ್ಯುತ್ ಬಂದರೆ ಇಡೀ ಹಳ್ಳಿ 'ವಿದ್ಯುದೀಕೃತ'. 2017ರ ಸೌಭಾಗ್ಯ ಯೋಜನೆಯಲ್ಲಿ ಎಣಿಸಿದ್ದೂ ಮನೆಗೆ ಬಂದ ಸಂಪರ್ಕವನ್ನು. ತಂತಿಯಲ್ಲಿ ಕರೆಂಟು ಎಷ್ಟು ಗಂಟೆ ಇತ್ತೆಂಬುದನ್ನಲ್ಲ. ಗೋಡೆಯ ಮೇಲೆ ಮೀಟರ್ ಇದ್ದರೆ ಕತ್ತಲಿನಲ್ಲಿ ಕೂತವನೂ ಬೆಳಕಿನ ಫಲಾನುಭವಿ.

ಹಳ್ಳದಲ್ಲಿರುವ ಬೆಳಕು

ಕತ್ತಲು ತರುವ ಮಳೆಯೇ ಬೆಳಕನ್ನೂ ಹೊತ್ತು ತರುತ್ತದೆ ಎಂಬುದು ಮಲೆನಾಡಿನ ಭಾಗ್ಯ. ಮಳೆಗಾಲದಲ್ಲಿ ಸೌರಫಲಕ ದುರ್ಬಲ, ಹಳ್ಳ ಪ್ರಬಲ. ಸೆಕೆಂಡಿಗೆ 10 ಲೀಟರ್ ನೀರನ್ನು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿಸಿದರೆ ಅದರಲ್ಲಿರುವ ಶಕ್ತಿ ಹೆಚ್ಚುಕಡಿಮೆ ಎರಡು ಕಿಲೋವಾಟ್. ಅರ್ಧ ಪೋಲಾದರೂ ಒಂದು ಕಿಲೋವಾಟ್ ಕೈಗೆ ಬರುತ್ತದೆ. ಅದು ಒಂದು ಸಣ್ಣ ಕೇರಿಯ ಎಲ್ಲ ಮನೆಗಳ ದೀಪಕ್ಕೆ ಸಾಕು. ಅಣೆಕಟ್ಟು ಬೇಡ, ಮುಳುಗಡೆ ಬೇಡ, ಮರ ಕಡಿಯುವುದು ಬೇಡ. ತಿರುಗಣೆ ತಿರುಗಿಸಿದ ನೀರು ಮತ್ತೆ ಅದೇ ಹಳ್ಳಕ್ಕೆ. ಇಂಥ ಕಿರುಘಟಕಗಳು ಮಲೆನಾಡಿನ ಅನೇಕ ಮನೆಗಳಲ್ಲಿ ನಡೆಯುತ್ತಿವೆ. ಹಣವುಳ್ಳವರ ಮನೆಯಲ್ಲಷ್ಟೇ ಅವು ನಿಲ್ಲಬಾರದು. ಕೇರಿಗೊಂದರಂತೆ ಅವನ್ನು ನಿಲ್ಲಿಸಲು ಪಂಚಾಯತಿಗೆ ಅನುದಾನ ಕೊಡುವುದು ಸಾವಿರಾರು ಕೋಟಿಯ ಸುರಂಗಕ್ಕಿಂತ ದುಬಾರಿಯೇ?

ಡಬ್ಬಿಯ ಪಕ್ಕದಲ್ಲಿ ನೋಟ್‌ಬುಕ್

ಆದುದರಿಂದ ಡಬ್ಬಿ ದೀಪ ಇರಲಿ. ಮೃಗಶಿರಕ್ಕೆ ಮೊದಲೇ ಮನೆಗೆ ನಾಲ್ಕು ಡಬ್ಬಿ ಸಿದ್ಧವಾಗಲಿ. ಆದರೆ ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಇರಲಿ. ಕರೆಂಟು ಹೋದ ದಿನಾಂಕ, ಹೋದ ಹೊತ್ತು, ದೂರು ಕೊಟ್ಟ ಹೊತ್ತು, ಮರಳಿ ಬಂದ ಹೊತ್ತು - ಇಷ್ಟನ್ನು ಪ್ರತಿ ಮನೆಯ ವಿದ್ಯಾರ್ಥಿಯೊಬ್ಬ ಬರೆಯಬಲ್ಲ. 2003ರ ವಿದ್ಯುತ್ ಕಾಯಿದೆಯ 57ನೆಯ ವಿಭಾಗದಂತೆ ಸೇವೆಯ ಮಟ್ಟವನ್ನು ಆಯೋಗ ಗೊತ್ತುಪಡಿಸಬಹುದು. ಅದನ್ನು ಪಾಲಿಸದ ಕಂಪನಿ ಬಾಧಿತರಿಗೆ ಪರಿಹಾರ ಕೊಡಬೇಕು. ಗ್ರಾಹಕರ ಹಕ್ಕುಗಳ 2020ರ ನಿಯಮಗಳು ಆ ಪರಿಹಾರ ತಾನಾಗಿಯೇ ಸಲ್ಲುವ ಏರ್ಪಾಡು ಬೇಕೆನ್ನುತ್ತವೆ. ಪ್ರತಿ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ವೇದಿಕೆಯನ್ನು ಹೊಂದಿರಲೇಬೇಕು. ಬಾಯಿಮಾತಿನ ಗೊಣಗಾಟಕ್ಕೆ ಅಲ್ಲಿ ಬೆಲೆಯಿಲ್ಲ. ಒಂದು ಊರಿನ ಮೂವತ್ತು ಮನೆಗಳು ನಾಲ್ಕು ತಿಂಗಳು ಬರೆದಿಟ್ಟ ಲೆಕ್ಕವನ್ನು ತಳ್ಳಿಹಾಕುವುದು ಸುಲಭವಲ್ಲ.

ಈ ಮಳೆಗಾಲದ ಲೆಕ್ಕ ಗಣಪತಿ ಹಬ್ಬದ ಹೊತ್ತಿಗೆ ಗ್ರಾಮಸಭೆಯ ಮುಂದೆ ಓದಲ್ಪಡಲಿ, ಅಲ್ಲಿಂದ ವೇದಿಕೆಗೆ ಹೋಗಲಿ. ಉಳಿದ ಮೇಣದ ತುಂಡುಗಳನ್ನು ಕೂಡಿಡುವ ಜಾಣ್ಮೆ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಕತ್ತಲಿನ ಗಂಟೆಗಳನ್ನೂ ಹಾಗೆಯೇ ಕೂಡಿಡಬೇಕಾಗಿದೆ.